ಡ್ರಾಪ್ ಇಲ್ಲದವರ ಆಟ

ಕಾರ್ಡ್ ರೂಮಿನ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗರು ಮೊದಲು ನಿಯಮಗಳನ್ನು ಬಾಯಿಪಾಠ ಮಾಡುತ್ತಾರೆ. ನಾನೂ ಮಾಡಿದ್ದೆ. ಒಂದು ವಾರ ಸಾಕು ಅದಕ್ಕೆ. ಉಳಿದ ಕೆಲಸವನ್ನೆಲ್ಲ ನಾನು ಕಲಿತದ್ದು ಸೋಲಿನ ಅಂಚಿಗೆ ಬಂದು ಕೂತವರನ್ನು ನೋಡಿ. ರೆಫ್ರಿಯಾಗಿ ಇಡೀ ವೃತ್ತಿ ಕಳೆದ ಮೇಲೆ ನಿಮಗೆ ಹೇಳಲು ನನ್ನ ಹತ್ತಿರ ಏನಾದರೂ ಇದ್ದರೆ ಅದು ಅವರ ವಿಚಾರವೇ. ನನಗೆ ಯಾವಾಗ ಯಾವ ಹುದ್ದೆ ಸಿಕ್ಕಿತು ಅನ್ನುವುದರಿಂದ ನಿಮಗೆ ಉಪಯೋಗವಿಲ್ಲ, ಬಿಟ್ಟುಬಿಡುತ್ತೇನೆ.

ನಮ್ಮ ಕ್ಲಬ್ ಇದ್ದದ್ದು ರಾಜಾಜಿನಗರದಲ್ಲಿ, ಇಂಡಸ್ಟ್ರಿಯಲ್ ಎಸ್ಟೇಟಿನ ಸೈರನ್ ಕೇಳಿಸುವಷ್ಟು ಹತ್ತಿರ. ಎಸ್ಟೇಟಿನ ವರ್ಕ್‌ಶಾಪ್ ಮಾಲೀಕರು ಸೇರಿ ಕಟ್ಟಿದ್ದು. ಆದರೆ ಮೊದಲಿನಿಂದಲೂ ನೌಕರರಿಗೆ ಸದಸ್ಯತ್ವ ಕೊಡುತ್ತಿದ್ದರು. ಷಟಲ್ ಕೋರ್ಟು, ವಾಚನಾಲಯ, ಕೇರಂ, ಹಿಂದುಗಡೆ ಶೀಟಿನ ಮಾಡಿನ ಉದ್ದನೆಯ ಕಾರ್ಡ್ ರೂಮು. ಎಂಬತ್ತರ ದಶಕದ ಆರಂಭದಲ್ಲಿ ನಾನು ಮಾರೇನಹಳ್ಳಿಯಿಂದ ಸೈಕಲ್ ತುಳಿದುಕೊಂಡು ಅಲ್ಲಿಗೆ ಕೆಲಸಕ್ಕೆ ಹೋಗುತ್ತಿದ್ದೆ. ವರ್ಷಕ್ಕೊಮ್ಮೆ ರಮ್ಮಿ ಟೂರ್ನಮೆಂಟ್ ನಡೆಯುತ್ತಿತ್ತು. ಅದರಲ್ಲಿ ಪಣ ಇರಲಿಲ್ಲ, ಗೆದ್ದವರಿಗೆ ಒಂದು ಕಪ್ಪು, ನೋಟಿಸ್ ಬೋರ್ಡಿನಲ್ಲಿ ಹೆಸರು. ಅಷ್ಟಕ್ಕೇ ಜನ ರಜಾ ಹಾಕಿ ಬಂದು ಆಡುತ್ತಿದ್ದರು.

ಆಟ ನೂರಾಒಂದರ ಪೂಲ್. ಒಬ್ಬರು ಹದಿಮೂರು ಎಲೆಯನ್ನೂ ಜೋಡಿಸಿ ಷೋ ಮಾಡಿದಾಗ, ಉಳಿದವರ ಕೈಯಲ್ಲಿ ಜೋಡಣೆಯಾಗದೆ ನಿಂತ ಎಲೆಗಳ ಅಂಕ ಅವರವರ ತಲೆಗೆ ಬೀಳುತ್ತದೆ. ಹಾಗೆ ಬಿದ್ದು ಬಿದ್ದು ನೂರಾಒಂದು ಮುಟ್ಟಿದವರು ಎದ್ದು ಹೋಗಬೇಕು. ಎಲೆ ಕೆಟ್ಟದಾಗಿ ಬಂದರೆ ಆಡುವುದಕ್ಕೆ ಮೊದಲೇ 'ಡ್ರಾಪ್' ಎಂದು ಹೇಳಿ, ಇಪ್ಪತ್ತು ಅಂಕ ಹೊತ್ತುಕೊಂಡು ಆ ಕೈ ಬಿಟ್ಟುಬಿಡಬಹುದು. ಎಂಬತ್ತು ದಾಟಿದವರಿಗೆ ಆ ದಾರಿಯೂ ಇಲ್ಲ, ಇನ್ನೊಂದು ಇಪ್ಪತ್ತು ಸೇರಿದರೆ ಅಲ್ಲಿಗೇ ಔಟ್. ಬಂದ ಎಲೆ ಎಂಥದಾದರೂ ಅವರು ಆಡಲೇಬೇಕು. ಅಂಥವರನ್ನು ನಮ್ಮಲ್ಲಿ 'ಕಂಪಲ್ಸರಿ' ಎನ್ನುತ್ತಿದ್ದರು. ಟೇಬಲ್ಲಿನ ಸುತ್ತ ನಿಂತವರು ಒಬ್ಬರ ಕಿವಿಯಲ್ಲಿ ಒಬ್ಬರು, "ಅವ್ರು ಕಂಪಲ್ಸರಿ" ಎಂದು ಹೇಳುವಾಗ ಆಸ್ಪತ್ರೆಯಲ್ಲಿ ಮಾತಾಡುವ ದನಿ ಇರುತ್ತಿತ್ತು.

ನನಗೆ ಕೆಲಸ ಕಲಿಸಿದವರು ಅನಂತರಾಮಯ್ಯ. ರೈಲ್ವೆಯಲ್ಲಿ ಗಾರ್ಡ್ ಆಗಿ ನಿವೃತ್ತರಾಗಿ ಕೆಂಗೇರಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಹಳೆಯ ರೆಫ್ರಿ. ಮೊದಲ ಟೂರ್ನಮೆಂಟಿನಲ್ಲಿ ನಾನು ಗೆಲ್ಲುತ್ತಿದ್ದವರ ಹಿಂದೆ ನಿಂತು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. ಅವರು ತೋಳು ಹಿಡಿದು ಈಚೆಗೆ ಎಳೆದುಕೊಂಡರು.

"ಗೆಲ್ಲೋನ್ನ ಏನ್ ನೋಡ್ತೀಯೋ? ಅವನಿಗೆ ನಿನ್ನ ಅವಶ್ಯಕತೆ ಇಲ್ಲ. ಎಂಬತ್ತು ದಾಟಿರೋನ ಹತ್ರ ನಿಂತ್ಕೋ. ಜಗಳ ಹುಟ್ಟೋದೂ ಅಲ್ಲೇ, ಅನ್ಯಾಯ ಆಗೋದೂ ಅಲ್ಲೇ."

ಅವರ ಮಾತು ನನಗೆ ಪುಟ್ಟಸ್ವಾಮಿಯವರಿಂದ ಅರ್ಥವಾಯಿತು. ಮಾರೇನಹಳ್ಳಿಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಸಾಧು ಮನುಷ್ಯ. ನಲವತ್ತು ಐವತ್ತರವರೆಗೆ ಅವರಷ್ಟು ನಾಜೂಕಾಗಿ ಆಡುವವರು ಇರಲಿಲ್ಲ. ಎಂಬತ್ತು ದಾಟಿದ ಕೂಡಲೇ ಆ ಆಟ ಕೆಡುತ್ತಿತ್ತು. ಹೇಗೂ ಹೋಗುತ್ತೇನೆ, ದೊಡ್ಡದಾಗಿಯೇ ಒಂದು ಕೈ ನೋಡಿಬಿಡೋಣ ಎಂದು ತಲಾ ಹತ್ತಂಕದ ರಾಜ ರಾಣಿಯರನ್ನೆಲ್ಲ ಹಿಡಿದುಕೊಂಡು ಕೂರುತ್ತಿದ್ದರು. ಒಂದು ಸಲ ಎರಡು ಜೋಕರ್ ಒಟ್ಟಿಗೆ ಬಂದ ಸಂತೋಷಕ್ಕೆ ಲೈಫ್ ಇಲ್ಲದೆಯೇ ಷೋ ಮಾಡಿಬಿಟ್ಟರು. ಲೈಫ್ ಎಂದರೆ ಜೋಕರಿನ ಸಹಾಯವಿಲ್ಲದೆ ಒಂದೇ ಜಾತಿಯ ಎಲೆಗಳು ಸಾಲಾಗಿ ಕೂಡಿದ್ದು. ಅದಿಲ್ಲದೆ ಮಿಕ್ಕ ಯಾವ ಜೋಡಣೆಗೂ ಬೆಲೆ ಇಲ್ಲ. ತಪ್ಪು ಷೋಗೆ ಪೂರ್ತಿ ಅಂಕ, ಅಂದರೆ ಎಂಬತ್ತು, ಬೀಳುತ್ತದೆ, ಅವರು ಔಟಾದರು. ಎಲೆ ಇನ್ನೂ ಕೈಯಿಂದ ಬಿಟ್ಟಿರಲಿಲ್ಲ ಎಂದು ವಾದಿಸಿದರು, ಬೇಡಿಕೊಂಡರು. ಅನಂತರಾಮಯ್ಯ ಅವರ ಮಾತನ್ನೆಲ್ಲ ಕೊನೆಯವರೆಗೂ ಕೇಳಿ, ಆಮೇಲೆ ಇಲ್ಲ ಎಂದರು. ಪೂರ್ತಿ ಕೇಳಿಸಿಕೊಂಡು ಇಲ್ಲ ಎನ್ನುವುದನ್ನು ಅವತ್ತು ಕಲಿತೆ.

ಆಗೆಲ್ಲ ಆಟಕ್ಕೆ ಸ್ನೇಹಿತರು ಪಕ್ಕ ಪಕ್ಕ ಕೂರುವ ಪದ್ಧತಿ ಇತ್ತು. ನೀವು ಬಿಸಾಡಿದ ಎಲೆಯನ್ನು ಎತ್ತಿಕೊಳ್ಳುವ ಹಕ್ಕು ನಿಮ್ಮ ಮುಂದಿನವರದು. ಹಾಗಾಗಿ ಒಬ್ಬ ಕಂಪಲ್ಸರಿಯ ಹಿಂದಿನ ಸರದಿಯಲ್ಲಿ ಕೂತವನು ಮನಸ್ಸು ಮಾಡಿದರೆ ಅವನಿಗೆ ಬೇಕಾದ ಒಂದೇ ಒಂದು ಎಲೆ ಸಿಗದಂತೆ ನೋಡಿಕೊಳ್ಳಬಹುದು. ಒಂದು ಭಾವ ಮೈದುನರ ಜೋಡಿ ಈ ಕೆಲಸವನ್ನು ಕಣ್ಸನ್ನೆಯಲ್ಲೇ ಮಾಡುತ್ತಿದ್ದರು. ಅನಂತರಾಮಯ್ಯ ಕ್ಲಬ್ಬನ್ನೂ ಬಿಟ್ಟು ರೆಫ್ರಿ ಕೆಲಸ ನನ್ನ ಕೈಗೆ ಬಂದ ಮೇಲೆ ನಾನು ಮಾಡಿದ ಮೊದಲ ಬದಲಾವಣೆ, ಜಾಗಕ್ಕೆ ಚೀಟಿ ಎತ್ತಿಸಿದ್ದು. ಸದಸ್ಯರು ಗೊಣಗಿದರು. ಕಾರ್ಯದರ್ಶಿ ಶ್ರೀಕಂಠಯ್ಯನವರು ಮಾತ್ರ, ಸರಿಯಾಗಿದೆ, ನಡೆಸು, ಎಂದು ನನ್ನ ಪರ ನಿಂತರು. ಇದನ್ನು ಮೊದಲೇ ಹೇಳಿಬಿಡಬೇಕು. ಮುಂದೆ ಬರೆಯುವುದನ್ನು ಓದಿ ಅವರನ್ನು ಕೆಟ್ಟ ಮನುಷ್ಯ ಎಂದು ಯಾರೂ ತಿಳಿಯಬಾರದು.

ಶ್ರೀಕಂಠಯ್ಯನವರಿಗೆ ಎಸ್ಟೇಟಿನಲ್ಲಿ ಶೀಟ್ ಮೆಟಲ್ ವರ್ಕ್‌ಶಾಪ್ ಇತ್ತು, ಬಸವೇಶ್ವರನಗರದಲ್ಲಿ ಮನೆ. ಅವರ ವರ್ಕ್‌ಶಾಪಿನಲ್ಲಿ ತಗಡು ಒತ್ತುವ ಪವರ್ ಪ್ರೆಸ್ ನಡೆಸುತ್ತಿದ್ದ ಗಂಗಾಧರ ಕೂಡ ನಮ್ಮ ಸದಸ್ಯ. ಮೂವತ್ತೈದರ ಆಸುಪಾಸು, ಮಾತು ಕಡಿಮೆ, ಒಳ್ಳೆಯ ಆಟಗಾರ. ಒಂದು ಬೆಳಿಗ್ಗೆ ಪ್ರೆಸ್ಸು ಅವನ ಬಲಗೈ ಮೇಲೆ ಬಂತು. ಹೆಬ್ಬೆರಳು, ಕಿರುಬೆರಳು ಉಳಿದವು. ಆಸ್ಪತ್ರೆಯ ಖರ್ಚು ಶ್ರೀಕಂಠಯ್ಯನವರು ನೋಡಿಕೊಂಡರು, ವಾಸಿಯಾದ ಮೇಲೆ ಗೇಟಿನಲ್ಲಿ ಕೆಲಸ ಕೊಟ್ಟರು. ಆದರೆ ಇಬ್ಬರ ನಡುವೆ ಮಾತು ನಿಂತುಹೋಯಿತು. ಬೆಳಿಗ್ಗೆ ಕಾರು ಬಂದಾಗ ಗಂಗಾಧರ ಗೇಟು ತೆಗೆಯುತ್ತಿದ್ದ, ಇವರು ಇನ್ನೊಂದು ಕಡೆ ನೋಡಿಕೊಂಡು ಒಳಗೆ ಹೋಗುತ್ತಿದ್ದರು ಎಂದು ಎಸ್ಟೇಟಿನ ಜನ ಹೇಳುತ್ತಿದ್ದರು.

ವರ್ಷದ ಹತ್ತಿರ ಗಂಗಾಧರ ಕ್ಲಬ್ಬಿಗೆ ಬರಲಿಲ್ಲ. ಟೂರ್ನಮೆಂಟಿಗೆ ಹೆಸರು ಕೊಡುವ ಕೊನೆಯ ದಿನ ಬಂದ. ಬಟ್ಟೆ ಚೀಲದಿಂದ ಒಂದು ತೇಗದ ತುಂಡು ತೆಗೆದು ನನ್ನ ಮೇಜಿನ ಮೇಲಿಟ್ಟ. ಗೇಣುದ್ದ, ಮೇಲ್ಗಡೆ ಉದ್ದಕ್ಕೂ ಗರಗಸದ ಗೀರು. ವರ್ಕ್‌ಶಾಪಿನ ಬಡಗಿ ಮಾಡಿಕೊಟ್ಟಿದ್ದಂತೆ. ಹದಿಮೂರು ಎಲೆಯನ್ನು ಬೀಸಣಿಗೆಯ ಹಾಗೆ ಹಿಡಿಯಲು ಅವನಿಂದ ಆಗುತ್ತಿರಲಿಲ್ಲ. ಎಲೆಗಳನ್ನು ಆ ಗೀರಿನಲ್ಲಿ ನಿಲ್ಲಿಸಿಕೊಂಡು ಎಡಗೈಯಲ್ಲಿ ಆಡುತ್ತೇನೆ ಎಂದ.

"ಮನೇಲಿ ಸರೋಜನ ಜೊತೆ ದಿನಾ ಆಡಿ ಅಭ್ಯಾಸ ಮಾಡ್ಕೊಂಡಿದೀನಿ, ನಾಗರಾಜಣ್ಣ. ಸೋತ್ರೆ ಎದ್ದು ಹೋಗ್ತೀನಿ. ಆದ್ರೆ ಎಲೆ ಸರಿ ಬೀಳ್ದೆ ಸೋತೆ ಅನ್ನಿಸ್ಬೇಕು ನಂಗೆ. ಕೈ ನೋಡಿ ಯಾರೂ ಆಚೆ ಕಳಿಸ್ಬಾರ್ದು."

ಸರೋಜ ಅವನ ಹೆಂಡತಿ. ನಾನು ಆ ಮರದ ತುಂಡನ್ನು ಮೇಜಿನ ಮೇಲಿಟ್ಟು, ಎಲೆ ನಿಲ್ಲಿಸಿ, ಎಲ್ಲ ಕಡೆಯಿಂದಲೂ ಕೂತು ನೋಡಿದೆ. ಪಕ್ಕದವರಿಗೆ ಎಲೆ ಕಾಣುತ್ತಿರಲಿಲ್ಲ, ಬೇರೆ ಯಾರಿಗೂ ಅದರಿಂದ ತೊಂದರೆಯೂ ಇರಲಿಲ್ಲ. ಹೆಸರು ಬರೆದುಕೊಂಡೆ. ಮೊದಲ ಸುತ್ತು ಶುರುವಾಗುವ ಮುಂಚೆ ಎಲ್ಲರೆದುರಿಗೂ ತೋರಿಸಿ, ಯಾರದಾದರೂ ಆಕ್ಷೇಪಣೆ ಇದೆಯೇ ಎಂದು ಕೇಳಿದೆ. ಯಾರೂ ಮಾತಾಡಲಿಲ್ಲ. ಶ್ರೀಕಂಠಯ್ಯನವರು ಅಲ್ಲೇ ಇದ್ದರು, ಕನ್ನಡಕ ಒರೆಸಿಕೊಳ್ಳುತ್ತಿದ್ದರು.

ಗಂಗಾಧರ ಎರಡು ಸುತ್ತು ದಾಟಿದ. ಸೆಮಿಫೈನಲ್ಲಿಗೆ ಚೀಟಿ ಎತ್ತಿದಾಗ ಅವನ ಜಾಗ ಶ್ರೀಕಂಠಯ್ಯನವರ ನೇರ ಎದುರಿಗೆ ಬಂತು.

ಅದು ಭಾನುವಾರ ಮಧ್ಯಾಹ್ನ. ಟಿ.ವಿ.ಯಲ್ಲಿ ಸಂಜೆಯ ಸಿನಿಮಾ ಶುರುವಾಗುವುದರೊಳಗೆ ಮುಗಿಸಿ ಎಂದು ಎಲ್ಲರೂ ಅವಸರಪಡಿಸುತ್ತಿದ್ದರು. ಐವರಲ್ಲಿ ಇಬ್ಬರು ಬೇಗ ಎದ್ದು ಹೋದರು. ಉಳಿದವರು ಮೂವರು: ಶ್ರೀಕಂಠಯ್ಯ, ಗಂಗಾಧರ, ಮಹಾಲಕ್ಷ್ಮಿ ಲೇಔಟಿನ ಬ್ಯಾಂಕ್ ಗುಮಾಸ್ತ ವಸಂತ. ಪ್ರತಿ ಸೆಮಿಫೈನಲ್ ಟೇಬಲ್ಲಿನಿಂದ ಇಬ್ಬರು ಫೈನಲ್ಲಿಗೆ ಹೋಗುತ್ತಾರೆ, ಅಂದರೆ ಇನ್ನೊಬ್ಬರು ಮುಳುಗಿದರೆ ಆಟ ಮುಗಿಯಿತು. ಶ್ರೀಕಂಠಯ್ಯನವರದು ಬರೀ ಇಪ್ಪತ್ತೆರಡು. ವಸಂತನದು ನಲವತ್ತು. ಗಂಗಾಧರ ಎಂಬತ್ತಾರರಲ್ಲಿ ಕೂತಿದ್ದ. ಕಂಪಲ್ಸರಿ.

ಎಲೆ ಹಂಚಿದ ಮೇಲೆ ಗಂಗಾಧರ ಎಡಗೈಯಿಂದ ಒಂದೊಂದೇ ಎಲೆ ಎತ್ತಿ ಗೀರಿನಲ್ಲಿ ನಿಲ್ಲಿಸುತ್ತಿದ್ದ. ಬಲಗೈ ಮರದ ತುಂಡನ್ನು ಒತ್ತಿ ಹಿಡಿದಿತ್ತು. ಶ್ರೀಕಂಠಯ್ಯನವರು ತಮ್ಮ ಎಲೆ ಎತ್ತಲೇ ಇಲ್ಲ. ಎದ್ದು ನಿಂತು, ಎಲೆ ಕೈಯಲ್ಲಿ ಹಿಡಿದು ಆಡಬೇಕು, ಮೇಜಿನ ಮೇಲೆ ಸಲಕರಣೆ ಇಟ್ಟುಕೊಳ್ಳುವುದು ಕ್ರಮವಲ್ಲ, ಇದಕ್ಕೆ ಪೂರ್ತಿ ಅಂಕ ಹಾಕಿ, ಎಂದರು. ಪೂರ್ತಿ ಅಂಕ ಎಂದರೆ ಗಂಗಾಧರ ಔಟ್. ಗಂಗಾಧರ ನನ್ನ ಮುಖವನ್ನೇ ನೋಡುತ್ತಿದ್ದ.

ನಾನು ಹೇಳಿದೆ, ಈ ಆಕ್ಷೇಪಣೆಗೆ ಮೊದಲ ಸುತ್ತಿಗೆ ಮುಂಚೆಯೇ ಎಲ್ಲರಿಗೂ ಅವಕಾಶ ಕೊಟ್ಟಿದ್ದೆ, ಈಗ ಅದು ಏಳುವುದಿಲ್ಲ, ಆಟ ಮುಂದುವರಿಯಲಿ ಎಂದು. ಶ್ರೀಕಂಠಯ್ಯನವರು ನನ್ನನ್ನು ವರಾಂಡಕ್ಕೆ ಕರೆದರು. ಬೈಯುತ್ತಾರೆ ಅಂದುಕೊಂಡು ಹೋದೆ. ಅವರ ದನಿ ಇಳಿದುಹೋಗಿತ್ತು.

"ಆ ಕೈನ ಎದುರಿಗೆ ಇಟ್ಕೊಂಡು ನಾನು ಹೆಂಗೆ ಆಡ್ಲಿ, ನಾಗರಾಜು? ನೀನೇ ಹೇಳು."

ನನಗೆ ಅವರ ಕಷ್ಟ ಗೊತ್ತಾಯಿತು. ಅವರ ಮೇಲೆ ಗೌರವವೂ ಇತ್ತು, ನನ್ನ ಕೆಲಸ ಅವರ ಕೈಯಲ್ಲಿತ್ತು ಎನ್ನುವುದೂ ನೆನಪಿತ್ತು. ಆದರೆ ಒಳಗೆ ಕೂತಿದ್ದವನು ಒಂದು ವರ್ಷ ಆ ಕೈಯನ್ನು ಎದುರಿಗಿಟ್ಟುಕೊಂಡು ಆಡಲು ಕಲಿತು ಬಂದಿದ್ದ.

"ನಿಮಗೆ ಆಗ್ದಿದ್ರೆ ನೀವು ಏಳ್ಬಹುದು ಸಾರ್," ಎಂದೆ. "ಅವ್ರನ್ನ ಎಬ್ಬಿಸೋಕೆ ನನ್ನ ಕೈಲಿ ಆಗಲ್ಲ."

ಅವರು, ಇದನ್ನ ಕಮಿಟಿಯಲ್ಲಿ ಮಾತಾಡೋಣ ಎಂದು ಹೇಳಿ ಒಳಗೆ ಹೋಗಿ ಕೂತರು.

ಈಗ ಆಟದ ವಿಷಯ ಹೇಳುತ್ತೇನೆ. ಅಂಕ ಕಡಿಮೆ ಇರುವವರ ದೊಡ್ಡ ಬಲ ಎಂದರೆ ಅವರು ಕಾಯಬಹುದು. ಕೆಟ್ಟ ಎಲೆಗೆ ಡ್ರಾಪ್ ಹೇಳಿ ಸುಮ್ಮನಿದ್ದರೆ, ಡ್ರಾಪ್ ಇಲ್ಲದವನು ತಾನಾಗಿಯೇ ಮುಳುಗುತ್ತಾನೆ. ಇದು ಶ್ರೀಕಂಠಯ್ಯನವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಆದರೂ ಅವತ್ತು ಅವರು ಕಾಯಲಿಲ್ಲ. ಬೇಗ ಮುಗಿದರೆ ಸಾಕು ಎನ್ನುವ ಹಾಗೆ ಆಡಿದರು. ಒಳಗೆ ಬಂದ ಮೇಲಿನ ಮೊದಲ ಕೈಯಲ್ಲಿ ವಸಂತ ಡ್ರಾಪ್ ಹೇಳಿದ, ಇವರು ಏನೂ ಜೋಡಣೆಯಿಲ್ಲದ ಎಲೆ ಹಿಡಿದುಕೊಂಡು ಮುಂದುವರಿದರು. ಗಂಗಾಧರ ಷೋ ಮಾಡಿದ. ಶ್ರೀಕಂಠಯ್ಯನವರ ತಲೆಗೆ ನಲವತ್ತಾರು ಬಿತ್ತು. ಮುಂದಿನ ಕೈ ವಸಂತ ಗೆದ್ದ. ಗಂಗಾಧರನಿಗೆ ನಾಲ್ಕೇ ಅಂಕ ಸೇರಿ ತೊಂಬತ್ತಾಯಿತು. ಶ್ರೀಕಂಠಯ್ಯನವರಿಗೆ ಹದಿನೆಂಟು ಸೇರಿ ಎಂಬತ್ತಾರಾಯಿತು. ಈಗ ಅವರಿಗೂ ಡ್ರಾಪ್ ಇರಲಿಲ್ಲ.

ಮೂರನೆಯ ಕೈಗೆ ನಾನು ಗಂಗಾಧರನ ಹಿಂದೆ ನಿಂತೆ. ಅಂಥ ಎಲೆ ನನ್ನ ಶತ್ರುವಿಗೂ ಬೇಡ. ಎರಡು ರಾಣಿ, ಒಂದು ರಾಜ, ಒಂದು ಎಕ್ಕ, ಮಿಕ್ಕದ್ದೆಲ್ಲ ಚಿಲ್ಲರೆ. ಲೈಫಿನ ಸುಳಿವೂ ಇಲ್ಲ. ಪುಟ್ಟಸ್ವಾಮಿಯವರಂಥವರಾಗಿದ್ದರೆ ರಾಣಿಯರ ಜೋಡಿಯನ್ನು ಎದೆಗವಚಿಕೊಂಡು ಮೂರನೆಯವಳಿಗೆ ಕಾಯುತ್ತಿದ್ದರು. ಗಂಗಾಧರ ಮೊದಲು ರಾಜನನ್ನು ಬಿಸಾಡಿದ, ಆಮೇಲೆ ಎಕ್ಕ, ಆಮೇಲೆ ಜೋಡಿ ಒಡೆದು ಒಬ್ಬ ರಾಣಿ, ಮುಂದಿನ ಸರದಿಗೆ ಇನ್ನೊಬ್ಬಳು. ನೋಡುತ್ತಿದ್ದ ಒಬ್ಬರು ತ್ಚು ಎಂದರು. ಅವನು ಗೆಲ್ಲುವುದಕ್ಕೆ ಆಡುತ್ತಿರಲಿಲ್ಲ. ಯಾರು ಯಾವ ಕ್ಷಣದಲ್ಲಿ ಷೋ ಮಾಡಿದರೂ ತನ್ನ ಹತ್ತಿರ ಹತ್ತಕ್ಕಿಂತ ಜಾಸ್ತಿ ಸಿಗಬಾರದು, ಅದಕ್ಕೇ ಆಡುತ್ತಿದ್ದ. ಹತ್ತು ಸೇರಿದರೆ ನೂರು, ಅಲ್ಲಿಗೆ ಉಳಿದ. ಹನ್ನೊಂದಾದರೆ ಹೋದ.

ಚಿಲ್ಲರೆ ಎಲೆಗಳು ಒಂದಕ್ಕೊಂದು ಹತ್ತಿರ ಬಂದವು. ಕಳಾವರಿನ ಮೂರು, ನಾಲ್ಕು, ಐದು ಸೇರಿ ಲೈಫ್ ಆಯಿತು. ಅವನ ಹಣೆಯಲ್ಲಿ ಬೆವರಿತ್ತು, ಒರೆಸಿಕೊಳ್ಳಬೇಕಾದರೆ ಒಂದು ಕೈ ಬಿಡಬೇಕು, ಬಿಡಲಿಲ್ಲ. ಎದುರಿಗೆ ಶ್ರೀಕಂಠಯ್ಯನವರು ಮೊದಲ ಸಲ ತಲೆಯೆತ್ತಿ ಆ ಎಡಗೈ ಎಲೆ ಸರಿಸುವುದನ್ನು ನೋಡಿದರು. ಆಮೇಲೆ ತಮ್ಮ ಎಲೆಗಳನ್ನೂ ನೋಡಿಕೊಂಡು ನಿಧಾನವಾಗಿ, ತಮ್ಮ ಹಳೆಯ ರೀತಿಯಲ್ಲಿ ಆಡತೊಡಗಿದರು. ಅವತ್ತಿನ ಸೆಮಿಫೈನಲ್ ನಿಜವಾಗಿ ಶುರುವಾದದ್ದು ಆಗಲೇ.

ಷೋ ಮಾಡಿದವನು ವಸಂತ.

ಮೊದಲು ಶ್ರೀಕಂಠಯ್ಯನವರು ಎಲೆ ಹಾಸಿದರು. ಲೈಫ್ ಇತ್ತು, ಜೋಕರ್ ಸೇರಿಸಿದ ಇನ್ನೊಂದು ಸಾಲೂ ಇತ್ತು. ಮಿಕ್ಕದ್ದರಲ್ಲಿ ಒಂದು ಗುಲಾಮ, ಒಂದು ಒಂಬತ್ತು, ಮತ್ತೊಂದು ಐದು ಕೂಡದೆ ನಿಂತಿದ್ದವು. ಇಪ್ಪತ್ತನಾಲ್ಕು. ಅವರ ಲೆಕ್ಕ ನೂರು ದಾಟಿತು. ಆದರೆ ಗಂಗಾಧರನೂ ದಾಟಿದರೆ, ನಮ್ಮ ನಿಯಮದಂತೆ ಇಬ್ಬರಲ್ಲಿ ಕಡಿಮೆ ದಾಟಿದವರು ಉಳಿಯುತ್ತಾರೆ. ಹಾಗಾಗಿ ಎಲ್ಲರೂ ಗಂಗಾಧರನ ಕಡೆ ತಿರುಗಿದರು. ಗಂಗಾಧರ ಗೀರಿನಿಂದ ಒಂದೊಂದೇ ಎಲೆ ತೆಗೆದು ಮೇಜಿನ ಮೇಲೆ ಇಟ್ಟ. ಸಹಾಯಕ್ಕೆ ಪಕ್ಕದವರು ಕೈ ಚಾಚಿದರು, ಬೇಡ ಎಂದು ತಲೆಯಾಡಿಸಿದ. ಲೈಫ್. ಜೋಕರ್ ಸೇರಿದ ಐದೆಲೆಯ ಸಾಲು. ಮೂರು ಏಳುಗಳು. ಕೂಡದೆ ಉಳಿದದ್ದು ಎರಡು ಪುಟ್ಟ ಎಲೆ, ಎರಡರದು ಒಂದು, ಆರರದು ಒಂದು. ಎಂಟಂಕ.

ನಾನು ಕಪ್ಪು ಹಲಗೆಯ ಮೇಲೆ ತೊಂಬತ್ತೆಂಟು ಎಂದು ಬರೆದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಮಾಲೀಕರು ಎದುರಿಗೇ ಇರುವಾಗ ತಟ್ಟಬೇಕೋ ಬೇಡವೋ ಯಾರಿಗೂ ತಿಳಿಯಲಿಲ್ಲ. ಶ್ರೀಕಂಠಯ್ಯನವರು ಕುರ್ಚಿ ಹಿಂದಕ್ಕೆ ಸರಿಸಿ ಹೊರಟುಹೋದರು. ಫೈನಲ್ಲಿನಲ್ಲಿ ಗಂಗಾಧರ ಮೂರನೆಯ ಸ್ಥಾನದಲ್ಲಿ ಎದ್ದ. ಆ ಆಟದಲ್ಲಿ ಹೇಳಿಕೊಳ್ಳುವಂಥದ್ದು ಏನೂ ಆಗಲಿಲ್ಲ, ಎಲೆ ಬೀಳಲಿಲ್ಲ ಅಷ್ಟೇ. ಮರದ ತುಂಡನ್ನು ಚೀಲಕ್ಕೆ ಹಾಕಿಕೊಂಡು, ಎಲ್ಲರ ಕೈ ಕುಲುಕಿ ಹೋದ. ಬಲಗೈಯನ್ನೇ ಚಾಚಿದ.

ಕಮಿಟಿ ಸಭೆ ಆ ವಾರವೇ ಸೇರಿತು. ನಾನು ಕಾರ್ಯದರ್ಶಿಗಳಿಗೆ ಏಳಿ ಎಂದು ಹೇಳಿದೆ ಎನ್ನುವುದು ಅಲ್ಲಿ ದೊಡ್ಡ ವಿಷಯವಾಯಿತು. ಕ್ಷಮೆ ಕೇಳಿದರೆ ಇಲ್ಲಿಗೆ ಬಿಡುತ್ತೇವೆ ಎಂದರು. ನನ್ನ ಮಾತು ಒರಟಾಗಿದ್ದರೆ ಅದಕ್ಕೆ ಬೇಸರವಿದೆ, ತೀರ್ಪಿಗೆ ಕ್ಷಮೆ ಕೇಳುವುದಿಲ್ಲ, ಕೇಳಿದರೆ ನಾಳೆ ಯಾವ ಆಟಗಾರನೂ ನನ್ನ ತೀರ್ಪು ಒಪ್ಪುವುದಿಲ್ಲ, ಎಂದೆ. ಶ್ರೀಕಂಠಯ್ಯನವರು ಆ ಸಭೆಯಲ್ಲಿ ಪರವಾಗಿಯೂ ವಿರೋಧವಾಗಿಯೂ ಮಾತಾಡಲಿಲ್ಲ. ನನ್ನನ್ನು ವಾಚನಾಲಯಕ್ಕೆ ಹಾಕಿದರು. ಪತ್ರಿಕೆಗಳಿಗೆ ಕೋಲು ಸಿಕ್ಕಿಸುವುದು, ಸಂಜೆ ಕಿಟಕಿ ಮುಚ್ಚುವುದು. ಮನೆಯಲ್ಲಿ ನನ್ನ ಹೆಂಡತಿ, ಒಂದು ಮಾತು ಕ್ಷಮಿಸಿ ಅಂದಿದ್ದರೆ ಏನಾಗುತ್ತಿತ್ತು ಎಂದು ಕೇಳಿದಳು. ಏನೂ ಆಗುತ್ತಿರಲಿಲ್ಲ, ಅದೇ ತೊಂದರೆ ಎಂದೆ. ಮುಂದಿನ ವರ್ಷದ ಟೂರ್ನಮೆಂಟ್ ಹತ್ತಿರ ಬಂದಾಗ ಆಟಗಾರರೇ ಕಮಿಟಿಗೆ ಹೇಳಿ ನನ್ನನ್ನು ವಾಪಸು ತಂದರು. ಹೊಸ ಹುಡುಗರಿಗೆ ನಾನು ಹೇಳುವುದು ಇಷ್ಟೇ: ತೀರ್ಪು ಕೊಟ್ಟ ಮೇಲೆ ಅದರ ಜೊತೆಗೇ ಇರಿ. ವಾಚನಾಲಯದಲ್ಲಿ ಕೂರಬೇಕಾಗಿ ಬಂದರೆ ಅಲ್ಲಿ ಕೂತು ಪತ್ರಿಕೆ ಓದಿ.

ನಾನು ಅಲ್ಲಿದ್ದ ದಿನಗಳಲ್ಲೇ ಒಂದು ಶನಿವಾರ ಸಂಜೆ ಗಂಗಾಧರ ಕಾರ್ಡ್ ರೂಮಿಗೆ ಬಂದ. ಸಾಮಾನ್ಯ ದಿನದ ಆಟ, ಟೂರ್ನಮೆಂಟಲ್ಲ. ವಾಚನಾಲಯದ ಬಾಗಿಲಿನಿಂದ ಆ ಟೇಬಲ್ ಚೆನ್ನಾಗಿ ಕಾಣುತ್ತಿತ್ತು. ಅವನು ಎಲೆ ನಿಲ್ಲಿಸಿಕೊಂಡು ಒಂದೆರಡು ಕೈ ಆಡಿದ ಮೇಲೆ ಶ್ರೀಕಂಠಯ್ಯನವರು ಬಂದರು. ಖಾಲಿ ಇದ್ದ ಬೇರೆ ಟೇಬಲ್‌ಗಳನ್ನು ದಾಟಿ ಬಂದು, ಅವನೆದುರಿನ ಕುರ್ಚಿ ಎಳೆದುಕೊಂಡು ಕೂತರು. ಹಂಚುವ ಸರದಿ ಗಂಗಾಧರನದಾಗಿತ್ತು. ಪಕ್ಕದವರು ಎಂದಿನಂತೆ ಅವನ ಬದಲಿಗೆ ಹಂಚಲು ಕಟ್ಟು ಎತ್ತಿಕೊಂಡರು.

"ಅವನ ಸರದಿ ಅಲ್ವಾ," ಎಂದರು ಶ್ರೀಕಂಠಯ್ಯ. "ಅವನೇ ಹಂಚ್ಲಿ. ಹಂಚು ಗಂಗಾಧರ, ನಂಗೇನೂ ಅವಸರ ಇಲ್ಲ."

ಗಂಗಾಧರ ಕಟ್ಟನ್ನು ಮೇಜಿನ ಮೇಲಿಟ್ಟು, ಬಲಗೈಯ ಹೆಬ್ಬೆರಳಿನಿಂದ ಒತ್ತಿಹಿಡಿದು, ಎಡಗೈಯಿಂದ ಒಂದೊಂದೇ ಎಲೆ ಎಳೆದು ಕಳಿಸತೊಡಗಿದ. ಎರಡು ಸಲ ಎಲೆ ಜಾರಿ ನೆಲಕ್ಕೆ ಬಿತ್ತು. ಎರಡು ಸಲವೂ ಶ್ರೀಕಂಠಯ್ಯನವರು ಬಗ್ಗಿ ಎತ್ತಿಕೊಟ್ಟರು, ಮತ್ತೆ ಮೊದಲಿನಿಂದ ಹಂಚಿಸಿದರು. ಟೇಬಲ್ಲಿನಲ್ಲಿದ್ದವರೆಲ್ಲ ಕಾದರು. ಕೊನೆಗೆ ಹದಿಮೂರೂ ಎಲೆ ಎಲ್ಲರ ಮುಂದೆ ಬಂದವು. ಶ್ರೀಕಂಠಯ್ಯನವರು ತಮ್ಮ ಎಲೆ ಎತ್ತಿ ಬಿಡಿಸಿ ನೋಡಿದರು, ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ನೋಡಿದರು.

"ಏನಯ್ಯಾ, ಇಷ್ಟು ಹೊತ್ತು ಕಾದಿದ್ದಕ್ಕೆ ಇಂಥ ಎಲೆ ಕೊಡೋದಾ?" ಎಂದು ಕೈಯಲ್ಲಿದ್ದುದನ್ನು ಮೇಜಿನ ಮೇಲೆ ಕವುಚಿ ಹಾಕಿ, ಡ್ರಾಪ್ ಎಂದರು.

ಗಂಗಾಧರ ನಕ್ಕುಬಿಟ್ಟ.